ಹಲವು ಹೆಸರು, ಒಂದೇ ಎಂಜಿನ್

ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ ಮದುವೆಯ ದಿನ ಯಾವುದೇ ಕಲ್ಯಾಣ ಮಂಟಪದ ಮುಂದೆ ನಿಂತು ನೋಡಿದವರಿಗೆ ಬಗೆಬಗೆಯ ಕಾರುಗಳ ಸಾಲೊಂದು ಕಾಣಿಸುತ್ತಿದ್ದಿತು. ಬೀಗರು ಬಂದಿಳಿದ ಮಾರುತಿ ಸ್ವಿಫ್ಟ್, ಸೋದರಮಾವನವರ ಟಾಟಾ ಇಂಡಿಕಾ ವಿಸ್ಟಾ, ಹಿರಿಯ ಅಳಿಯಂದಿರ ಫಿಯಟ್ ಲಿನಿಯಾ, ಗುತ್ತಿಗೆದಾರರೊಬ್ಬರ ಷೆವರ್ಲೆ ಸೇಲ್. ಒಂದೊಂದರ ಮೂತಿಯ ಮೇಲೂ ಒಂದೊಂದು ಲಾಂಛನ. ಯಾವುದು ಮೇಲು, ಯಾವುದು ಹೆಚ್ಚು ಮೈಲೇಜು ಕೊಡುತ್ತದೆ ಎಂಬ ವಾದ ಪಂಕ್ತಿಯಲ್ಲಿ ಎಲೆ ಹಾಕುವವರೆಗೂ ನಡೆಯುತ್ತಿದ್ದುದುಂಟು. ಆದರೆ ಆ ನಾಲ್ಕೂ ಡೀಸೆಲ್ ಕಾರುಗಳಾಗಿದ್ದು, ವಿಸ್ಟಾದ ಬೆನ್ನಿನ ಮೇಲೆ ‘ಕ್ವಾಡ್ರಾಜೆಟ್’ ಎಂದು ಬರೆದಿದ್ದ ಪಕ್ಷದಲ್ಲಿ ಆ ವಾದಕ್ಕೆ ಹೆಚ್ಚಿನ ಅರ್ಥವಿರಲಿಲ್ಲ. ಬಾನೆಟ್ಟನ್ನು ಎತ್ತಿ ನೋಡಿದರೆ ನಾಲ್ಕರ ಒಳಗೂ ಇದ್ದುದು ಮೂಲತಃ ಒಂದೇ ಎಂಜಿನ್: ನಾಲ್ಕು ಸಿಲಿಂಡರುಗಳ, 1248 ಘನ ಸೆಂಟಿಮೀಟರುಗಳ, ಇಟಲಿಯಲ್ಲಿ ರೂಪುಗೊಂಡ ಒಂದು ಪುಟ್ಟ ಡೀಸೆಲ್ ಯಂತ್ರ.

ಅದನ್ನು ಫಿಯಟ್ ಸಂಸ್ಥೆಯವರು ‘ಮಲ್ಟಿಜೆಟ್’ ಎಂದು ಕರೆದರು. ಮಾರುತಿಯವರು ‘ಡಿಡಿಐಎಸ್’ ಎಂದರು. ಟಾಟಾದವರು ‘ಕ್ವಾಡ್ರಾಜೆಟ್’ ಎಂದರು. ಷೆವರ್ಲೆಯವರು ‘ಸ್ಮಾರ್ಟೆಕ್’ ಎಂದರು. ಯುರೋಪಿನಲ್ಲಿ ಓಪೆಲ್ ಕಾರುಗಳಿಗೆ ಅದೇ ‘ಸಿಡಿಟಿಐ’ ಆಯಿತು. 2008ರಲ್ಲಿ ಬಂದ ಫೋರ್ಡ್ ಕಾ ಎಂಬ ಕಾರಿನಲ್ಲಿಯೂ ಇನ್ನೊಂದು ಹೆಸರು ಹೊತ್ತು ಅದೇ ಕುಳಿತಿತು. ನಮ್ಮ ದೇಶದ ವಾಹನ ಪತ್ರಿಕೆಗಳು ಇದಕ್ಕೆ ‘ರಾಷ್ಟ್ರೀಯ ಎಂಜಿನ್’ ಎಂದು ಅರ್ಧ ವಿನೋದವಾಗಿ, ಅರ್ಧ ಮೆಚ್ಚಿಕೆಯಿಂದ ಬಿರುದು ಕೊಟ್ಟಿದ್ದವು. ಇಟಲಿಯ ಕೂಸಿಗೆ ಭಾರತದ ರಾಷ್ಟ್ರೀಯ ಬಿರುದು ಬಂದದ್ದು ಹೇಗೆ, ಅದನ್ನು ಹುಟ್ಟಿಸಿದವರು ಯಾರು, ಫಲ ಉಂಡವರು ಯಾರು ಎಂಬುದನ್ನು ಈ ತಿಂಗಳು ವಿವರಿಸಲು ಅಪೇಕ್ಷಿಸುತ್ತೇವೆ. ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರಿಗೂ ಈ ಪುಟವನ್ನು ಕೊಡಿ. ಅವರ ಪಠ್ಯಪುಸ್ತಕದಲ್ಲಿ ಯಂತ್ರದ ಕಥೆ ಇರುತ್ತದೆ, ಯಂತ್ರವನ್ನು ಮಾಡಿದವರ ಕಥೆ ಇರುವುದು ಅಪರೂಪ.

ಮೊದಲು ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಎರಡು ಮಾತಿನಲ್ಲಿ ನೆನೆದುಕೊಳ್ಳೋಣ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬೇಡ. ಗಾಳಿಯನ್ನು ಹದಿನೆಂಟನೆಯ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದರೆ ಅದು ಸ್ವತಃ ಕಾದು, ಒಳಗೆ ಚಿಮ್ಮಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಇದನ್ನು ಪ್ರತ್ಯಕ್ಷ ಮಾಡಿ ತೋರಿಸಿದರು. ಎಣ್ಣೆಯ ಉಳಿತಾಯದಲ್ಲಿ ಇದಕ್ಕೆ ಸಾಟಿಯಿರಲಿಲ್ಲ. ಆದರೆ ಭಾರ ಹೆಚ್ಚು, ಸದ್ದು ಹೆಚ್ಚು, ಹೊಗೆ ಹೆಚ್ಚು. ಆದುದರಿಂದ ಅದು ಹಡಗು, ಲಾರಿ, ಟ್ರ್ಯಾಕ್ಟರು, ನಮ್ಮ ಹೊಲಗಳ ಪಂಪುಸೆಟ್ಟುಗಳಿಗೆ ಒಗ್ಗಿತು. ಮನೆಯವರೆಲ್ಲ ಕುಳಿತು ಮಾತನಾಡುತ್ತ ಹೋಗುವ ಕಾರಿಗೆ ಬಹುಕಾಲ ಒಗ್ಗಲಿಲ್ಲ. 1936ರಷ್ಟು ಹಿಂದೆಯೇ ಮರ್ಸಿಡಿಸ್ ಸಂಸ್ಥೆ ಡೀಸೆಲ್ ಕಾರನ್ನು ಮಾರಾಟಕ್ಕೆ ತಂದಿತಾದರೂ ಅದು ಟ್ಯಾಕ್ಸಿ ಓಡಿಸುವವರ ವಾಹನವೆಂದೇ ಹೆಸರಾಯಿತು. ನಮ್ಮಲ್ಲಿ ಡೀಸೆಲ್ ಅಂಬಾಸಡರ್ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ದೂರ ಪ್ರಯಾಣ ಮಾಡಿದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಳೆಯ ಪದ್ಧತಿಯ ಮುಖ್ಯ ತೊಡಕು ಎಣ್ಣೆಯನ್ನು ಚಿಮ್ಮಿಸುವ ಕ್ರಮದಲ್ಲಿತ್ತು. ಎಂಜಿನ್ ತಿರುಗಿದಂತೆ ಪಂಪು ತಿರುಗಿ, ಪ್ರತಿ ಸಲವೂ ಅಷ್ಟಷ್ಟೇ ಒತ್ತಡವನ್ನು ಹೊಸದಾಗಿ ಹುಟ್ಟಿಸಬೇಕಿತ್ತು. ನಿಧಾನವಾಗಿ ತಿರುಗುವಾಗ ಒತ್ತಡ ಕಡಿಮೆ. ಎಣ್ಣೆ ನುಣ್ಣನೆಯ ಮಂಜಾಗದೆ ಹನಿಹನಿಯಾಗಿ ಬೀಳುವುದು. ಅರ್ಧ ಉರಿದು ಕಪ್ಪು ಹೊಗೆಯಾಗುವುದು. ಮನೆಮನೆಗೂ ಕೈಪಂಪು ಒತ್ತಿ ನೀರು ತೆಗೆಯುವಂತಹ ವ್ಯವಸ್ಥೆ ಅದು. ಇದಕ್ಕೆ ಬದಲಾಗಿ ಊರ ಮುಂದೆ ಎತ್ತರದ ಟ್ಯಾಂಕು ಕಟ್ಟಿ ಸದಾ ತುಂಬಿಟ್ಟರೆ, ಬೇಕಾದಾಗ ಬೇಕಾದವರು ನಲ್ಲಿ ತಿರುಗಿಸಿದರಾಯಿತು. ‘ಕಾಮನ್ ರೇಲ್’ ಎಂಬ ಪದ್ಧತಿಯ ತಿರುಳು ಇಷ್ಟೇ. ದಪ್ಪ ಗೋಡೆಯ ಒಂದು ಉಕ್ಕಿನ ಕೊಳವೆಯಲ್ಲಿ ಎಣ್ಣೆಯನ್ನು ಯಾವಾಗಲೂ ಭಾರಿ ಒತ್ತಡದಲ್ಲಿ ತುಂಬಿಡುವುದು. ಪ್ರತಿ ಸಿಲಿಂಡರಿನ ಬಾಯಲ್ಲಿರುವ ಇಂಜೆಕ್ಟರನ್ನು ವಿದ್ಯುತ್ ಸಂಕೇತದಿಂದ ತೆರೆದು ಮುಚ್ಚುವುದು. ಇಲ್ಲಿ ‘ರೇಲ್’ ಎಂದರೆ ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಆ ಕೊಳವೆ. ರೈಲಿಗೂ ಇದಕ್ಕೂ ಸಂಬಂಧವಿಲ್ಲ.

ಹೇಳುವುದು ಸುಲಭ. ನಮ್ಮ ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು ಎರಡು ಬಾರ್. ಈ ಕೊಳವೆಯಲ್ಲಿರಬೇಕಾದುದು 1350ರಿಂದ 1400 ಬಾರ್, ಅಂದರೆ ಅದರ ಏಳುನೂರು ಪಟ್ಟು. ಅಂತಹ ಒತ್ತಡವನ್ನು ತಡೆದು ಹಿಡಿದು, ಕ್ಷಣದ ಸಾವಿರದ ಒಂದು ಪಾಲಿನಲ್ಲಿ ತೆರೆದು ಮುಚ್ಚಿ, ಲಕ್ಷಾಂತರ ಕಿಲೋಮೀಟರು ಕೆಡದಿರುವ ನಲ್ಲಿಯನ್ನು ಮಾಡುವವರಾರು? 1960ರ ದಶಕದಲ್ಲಿಯೇ ಸ್ವಿಟ್ಜರ್ಲೆಂಡಿನ ರಾಬರ್ಟ್ ಹ್ಯೂಬರ್ ಎಂಬವರು ಇಂತಹ ಒಂದು ಮಾದರಿಯನ್ನು ಮಾಡಿದ್ದರು. ಅನಂತರ ಜೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಮಾರ್ಕೊ ಗಾನ್ಸರ್ ಅವರು ಆ ಕೆಲಸವನ್ನು ಮುಂದುವರಿಸಿದರು. 1995ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆ ಹಿನೊ ಲಾರಿಯಲ್ಲಿ ಇದನ್ನು ಮಾರಾಟದ ಮಟ್ಟಕ್ಕೆ ತಂದಿತು. ಆದರೆ ಸಾಮಾನ್ಯ ಕಾರಿಗೆ ಒಗ್ಗಿಸುವ ಕೆಲಸ ನಡೆದುದು ಇಟಲಿಯಲ್ಲಿ; ಅದರಲ್ಲಿಯೂ ದಕ್ಷಿಣ ಇಟಲಿಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಟಲಿ ಎಂದೊಡನೆ ನಮಗೆ ರೋಮಿನ ವೈಭವ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ದೇಶದ ಉತ್ತರ ಮತ್ತು ದಕ್ಷಿಣಗಳ ನಡುವೆ ದೊಡ್ಡ ಅಂತರವಿದೆ. ಕಾರ್ಖಾನೆ, ಬ್ಯಾಂಕು, ಸಂಪತ್ತು ಎಲ್ಲವೂ ಉತ್ತರದ ಟ್ಯೂರಿನ್, ಮಿಲಾನ್ ನಗರಗಳ ಕಡೆ. ಬಡತನ, ನಿರುದ್ಯೋಗ, ಗುಳೆ ದಕ್ಷಿಣದ ಕಡೆ. ಟ್ಯೂರಿನ್ನಿನಲ್ಲಿ 1899ರಲ್ಲಿ ಸ್ಥಾಪನೆಯಾದ ಫಿಯಟ್ ಕಾರ್ಖಾನೆಗೆ ದಕ್ಷಿಣದ ಹಳ್ಳಿಗಳಿಂದ ರೈಲು ತುಂಬಿ ಕೂಲಿಗೆ ಹೋದವರ ಸಂಖ್ಯೆ ಅಪಾರ. ಬರಗಾಲದಲ್ಲಿ ಊರು ಬಿಟ್ಟು ಪುಣೆ ಮುಂಬಯಿಗಳಿಗೆ ಹೋದ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಿಗೆ ಈ ಚಿತ್ರ ಅಪರಿಚಿತವೇನಲ್ಲ. ಈ ಅಂತರವನ್ನು ತಗ್ಗಿಸಲು ಇಟಲಿ ಸರಕಾರ ಹಾಕಿಕೊಂಡ ಯೋಜನೆಯ ಅಂಗವಾಗಿ 1988ರಲ್ಲಿ ಫಿಯಟ್ ಬಳಗದ ‘ಎಲಾಸಿಸ್’ ಎಂಬ ಸಂಶೋಧನಾ ಸಂಸ್ಥೆ ದಕ್ಷಿಣದಲ್ಲಿ ಆರಂಭವಾಯಿತು. ನೇಪಲ್ಸ್ ಬಳಿಯ ಪೊಮಿಲ್ಯಾನೊದಲ್ಲಿ ಅದರ ಕೇಂದ್ರ. ಎಣ್ಣೆ ಚಿಮ್ಮಿಸುವ ಸಾಧನಗಳ ಸಂಶೋಧನೆ ಮಾತ್ರ ಆಗ್ನೇಯ ಕರಾವಳಿಯ ಬಾರಿ ನಗರದ ಪಕ್ಕದಲ್ಲಿ. ಆ ತಂಡದ ಮುಂದಾಳು ಮಾರಿಯೊ ರಿಕ್ಕೊ ಎಂಬ ವಿಜ್ಞಾನಿ.

ಫಿಯಟ್ ಸಂಸ್ಥೆಯ ಟ್ಯೂರಿನ್ ಸಂಶೋಧನಾ ಕೇಂದ್ರದಲ್ಲಿ ಅಷ್ಟರಲ್ಲಿ ಇನ್ನೊಂದು ಕೆಲಸ ಆಗಿತ್ತು. ಎಣ್ಣೆಯನ್ನು ಪಕ್ಕದ ಸಣ್ಣ ಕೋಣೆಯೊಂದರಲ್ಲಿ ಹೊತ್ತಿಸುವ ಬದಲು ನೇರವಾಗಿ ಸಿಲಿಂಡರಿನ ಒಳಕ್ಕೇ ಚಿಮ್ಮಿಸುವ ಡೀಸೆಲ್ ಎಂಜಿನ್ನನ್ನು 1980ರ ದಶಕದ ಉತ್ತರಾರ್ಧದಲ್ಲಿ ‘ಕ್ರೋಮಾ’ ಎಂಬ ಕಾರಿನಲ್ಲಿ ಮೊತ್ತಮೊದಲಿಗೆ ಅವರೇ ತಂದಿದ್ದರು. ಎಣ್ಣೆ ಉಳಿಯಿತು, ಆದರೆ ಸದ್ದು ಹೆಚ್ಚಾಯಿತು. ಆ ಸದ್ದನ್ನು ಅಡಗಿಸುವ ದಾರಿ ಹುಡುಕುತ್ತ ಅವರು ಕಾಮನ್ ರೇಲಿನ ಬಳಿಗೆ ಬಂದರು. ಟ್ಯೂರಿನ್ನಿನ ಸಂಶೋಧನಾ ಕೇಂದ್ರ, ಫಿಯಟ್ ಬಳಗದ್ದೇ ಆದ ಮ್ಯಾಗ್ನೆಟಿ ಮರೆಲಿ ಎಂಬ ಬಿಡಿಭಾಗಗಳ ಕಂಪನಿ, ಎಲಾಸಿಸ್, ಈ ಮೂವರೂ ಸೇರಿ ರೂಪಿಸಿದ ವ್ಯವಸ್ಥೆಗೆ ‘ಯುನಿಜೆಟ್’ ಎಂದು ಹೆಸರಿಟ್ಟರು.

ಯುನಿಜೆಟ್ಟಿನ ಉಪಾಯ ನಮ್ಮ ಅಡುಗೆಮನೆಯ ತಾಯಂದಿರಿಗೆ ಕ್ಷಣದಲ್ಲಿ ಅರ್ಥವಾಗುವಂತಹುದು. ಸೌದೆ ಒಲೆ ಹೊತ್ತಿಸುವಾಗ ಮೊದಲೇ ದಪ್ಪ ಕೊರಡನ್ನು ತುರುಕುವುದಿಲ್ಲ. ಪುಳ್ಳೆಗಳನ್ನಿಟ್ಟು ಒಲೆ ಬೆಚ್ಚಗಾದ ಮೇಲೆ ಕೊರಡು. ಅಂತೆಯೇ ಇಲ್ಲಿ ಮೊದಲು ಒಂದು ತೊಟ್ಟು ಎಣ್ಣೆಯನ್ನು ಚಿಮ್ಮಿಸಿ ಸಿಲಿಂಡರನ್ನು ಹದಗೊಳಿಸುವುದು, ಅದರ ಹಿಂದೆಯೇ ಮುಖ್ಯ ಪ್ರಮಾಣವನ್ನು ಕೊಡುವುದು. ಎಲ್ಲ ಎಣ್ಣೆಯೂ ಒಮ್ಮೆಲೇ ಸಿಡಿಯದೆ ಕ್ರಮವಾಗಿ ಉರಿಯುತ್ತದೆ. ಡೀಸೆಲ್ಲಿನ ಆ ಕುಖ್ಯಾತ ಬಡಿತ ಬಹುಮಟ್ಟಿಗೆ ಅಡಗುತ್ತದೆ.

ಸಂಶೋಧನೆ ಮುಗಿಯುವ ಹೊತ್ತಿಗೆ ಫಿಯಟ್ ಸಂಸ್ಥೆಯ ಬೊಕ್ಕಸ ಬರಿದಾಗುತ್ತ ಬಂದಿತ್ತು. 1990ರ ದಶಕದ ಆರಂಭ ಆ ಸಂಸ್ಥೆಗೆ ಭಾರಿ ನಷ್ಟದ ಕಾಲ. ಕೈಯಲ್ಲಿದ್ದ ಮಾದರಿಯನ್ನು ಲಕ್ಷಗಟ್ಟಲೆ ತಯಾರಿಸುವ ಹಂತಕ್ಕೆ ಒಯ್ಯಲು ಬೇಕಾದ ಹಣ, ಆ ಬಗೆಯ ಸೂಕ್ಷ್ಮ ತಯಾರಿಕೆಯ ಅನುಭವ, ಎರಡೂ ಜರ್ಮನಿಯ ಬಾಷ್ ಸಂಸ್ಥೆಯ ಬಳಿ ಇದ್ದವು. 1993-94ರ ಸುಮಾರಿಗೆ ಫಿಯಟ್‌ನವರು ತಮ್ಮ ಸಂಶೋಧನೆಯನ್ನು ಬಾಷ್‌ಗೆ ಒಪ್ಪಿಸಿಕೊಟ್ಟರು. ಬಾಷ್ ಅದನ್ನು ಪಕ್ವಗೊಳಿಸಿ ಕಾರ್ಖಾನೆಯಿಂದ ಹೊರತಂದಿತು. 1997ರಲ್ಲಿ ಫಿಯಟ್ ಬಳಗದ ಆಲ್ಫಾ ರೋಮಿಯೊ 156 ಎಂಬ ಕಾರು ಕಾಮನ್ ರೇಲ್ ಹೊತ್ತ ಮೊದಲ ಕಾರೆನಿಸಿತು. ಬೆನ್ನಿಗೇ ಮರ್ಸಿಡಿಸ್ ಬಂದಿತು, ಅದರ ಹಿಂದೆ ಪ್ರಪಂಚವೆಲ್ಲ ಬಂದಿತು. ಮಾರಿದ್ದು ಜರ್ಮನಿಯವರು, ಕೊಂಡದ್ದು ಫಿಯಟ್‌ನ ಪ್ರತಿಸ್ಪರ್ಧಿಗಳೇ.

ಇದನ್ನು ಮಹಾ ಪ್ರಮಾದವೆಂದು ಹಳಿಯುವವರು ಇಟಲಿಯಲ್ಲಿಯೂ ಹೊರಗೂ ಬಹಳ ಮಂದಿ. ನಮಗೆ ಹಾಗೆ ಪೂರ್ತಿಯಾಗಿ ಅನ್ನಿಸುವುದಿಲ್ಲ. ಬಿತ್ತನೆ ಬೀಜ ಕೈಯಲ್ಲಿದ್ದು, ಎತ್ತು ಗೊಬ್ಬರಗಳಿಗೆ ಗತಿಯಿಲ್ಲದ ರೈತ ಹೊಲವನ್ನು ಕೋರಿಗೆ ಕೊಡುತ್ತಾನೆ, ಪಾಳು ಬಿಡುವುದಿಲ್ಲ. ಬೆಳೆ ಬಂದುದಾದರೂ ಸತ್ಯ. ಬಾರಿಯ ಪಕ್ಕದ ಮೊದುನ್ಯೊದಲ್ಲಿ ಬಾಷ್‌ನ ಕಾರ್ಖಾನೆಯೂ ಸಂಶೋಧನಾ ಕೇಂದ್ರವೂ ನೆಲೆಯೂರಿ, ಕಾಮನ್ ರೇಲ್ ಪಂಪುಗಳು ಆ ದಕ್ಷಿಣದ ನೆಲದಲ್ಲಿಯೇ ತಯಾರಾದವು. ಗುಳೆ ಹೋಗುತ್ತಿದ್ದ ಸೀಮೆಯ ಮಕ್ಕಳಿಗೆ ಊರಲ್ಲಿಯೇ ಉದ್ಯೋಗ ದೊರಕಿತು. ಆದರೆ ಹೊಲದ ಒಡೆತನ ಹೋದುದು ಹೋಯಿತು ಎಂಬುದೂ ಅಷ್ಟೇ ಸತ್ಯ. ಈ ಬಾಷ್ ಸಂಸ್ಥೆ ನಮಗೂ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ‘ಮೈಕೊ’, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬಾಷ್ ಬಳಗದ್ದೇ. 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. ಡೀಸೆಲ್ ಪಂಪು ಎಂದರೆ ಮೈಕೊ ಎಂದೇ ನಮ್ಮ ರೈತರೂ ಲಾರಿ ಮಾಲೀಕರೂ ಹೇಳುತ್ತಿದ್ದರಲ್ಲವೆ?

ಕಾಮನ್ ರೇಲನ್ನು ಕೊಟ್ಟುಬಿಟ್ಟ ಮೇಲೆ ಫಿಯಟ್ ಎಂಜಿನಿಯರರು ಕೈಕಟ್ಟಿ ಕೂರಲಿಲ್ಲ. ರಿನಾಲ್ಡೊ ರಿನೋಲ್ಫಿ ಅವರ ನೇತೃತ್ವದಲ್ಲಿ ಟ್ಯೂರಿನ್ನಿನ ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಎರಡು ಸಲ ಚಿಮ್ಮಿಸುವುದರಿಂದ ಇಷ್ಟು ಲಾಭವಾದರೆ, ಐದು ಸಲ ಚಿಮ್ಮಿಸಿದರೆ? ಯುನಿಜೆಟ್ಟಿನಲ್ಲಿ ಒಂದು ಚಿಮ್ಮಿಗೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ 1500 ಪಾಲಿನಷ್ಟಾದರೂ ಅಂತರ ಬೇಕಿತ್ತು. ಅದನ್ನು 150ಕ್ಕೆ ಇಳಿಸಿದರು. ಒಮ್ಮೆಗೆ ಚಿಮ್ಮಿಸಬಹುದಾದ ಕನಿಷ್ಠ ಪ್ರಮಾಣ ಎರಡು ಘನ ಮಿಲಿಮೀಟರು ಇದ್ದುದು ಒಂದಕ್ಕಿಂತಲೂ ಕಡಿಮೆಯಾಯಿತು. ಎರಡು ಸಾವಿರ ಸುತ್ತಿನ ವೇಗದಲ್ಲಿ ಎಂಜಿನ್ ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ ಹದಿನಾರು ಹದಿನೇಳು ಸಲ ಎಣ್ಣೆ ಉರಿಯುತ್ತದೆ. ಆ ಪ್ರತಿಯೊಂದು ಉರಿಯನ್ನೂ ಐದು ಭಾಗ ಮಾಡಿ ಬಡಿಸುವುದೆಂದರೆ ಎಂತಹ ಸೂಕ್ಷ್ಮತೆ ಎಂಬುದನ್ನು ಓದುಗರು ಊಹಿಸಬಹುದು. ಇದೇ ಮಲ್ಟಿಜೆಟ್. ಇದನ್ನು ಧರಿಸಿ 2003ರಲ್ಲಿ ಹೊರಬಂದುದೇ ನಮ್ಮ ಕಥಾನಾಯಕನಾದ 1.3 ಲೀಟರಿನ ಎಂಜಿನ್.

ಸಂಸ್ಥೆಯೊಳಗೆ ಇದರ ಹೆಸರು ‘ಎಸ್‌ಡಿಇ’. ಚಿಕ್ಕ ಡೀಸೆಲ್ ಎಂಜಿನ್ ಎಂಬುದರ ಸಂಕ್ಷೇಪ, ಅಷ್ಟೆ. ಚಿಕ್ಕದು ಎಂಬುದರಲ್ಲಿಯೇ ಅದರ ಹಿರಿಮೆ. ಆ ಕಾಲಕ್ಕೆ ಇಷ್ಟು ಸಣ್ಣ ಡೀಸೆಲ್ ಬೇಕೆಂದವರು ಮೂರು ಸಿಲಿಂಡರಿಗೆ ಶರಣಾಗುತ್ತಿದ್ದರು. ಫೋಕ್ಸ್‌ವ್ಯಾಗನ್ ಸಂಸ್ಥೆಯ 1.2 ಲೀಟರಿನದು ಹಾಗೆಯೇ ಇತ್ತು. ಮೂರು ಸಿಲಿಂಡರಿನದು ಅಗ್ಗ, ಆದರೆ ನಡುಗುತ್ತದೆ. ನಾಲ್ಕು ಮಾಡಿದರೆ ನಯವಾಗಿ ಓಡುತ್ತದೆ, ಆದರೆ ಒಂದೊಂದು ಸಿಲಿಂಡರೂ 312 ಘನ ಸೆಂಟಿಮೀಟರಿಗೆ ಇಳಿಯುತ್ತದೆ. ಅಂದರೆ ಒಂದು ದೊಡ್ಡ ಲೋಟದಷ್ಟು ಜಾಗ. ಸಣ್ಣ ಪಾತ್ರೆ ಬೇಗ ಆರುವಂತೆ ಸಣ್ಣ ಸಿಲಿಂಡರಿನಿಂದ ಶಾಖ ಬೇಗ ಸೋರಿಹೋಗುತ್ತದೆ. ಶಾಖವನ್ನೇ ನಂಬಿ ಉರಿಯುವ ಡೀಸೆಲ್ಲಿಗೆ ಇದು ಕಷ್ಟ. 69.6 ಮಿಲಿಮೀಟರು ಅಗಲದ ಬಾಯಿಯಲ್ಲಿ ನಾಲ್ಕು ಕವಾಟಗಳನ್ನೂ ನಟ್ಟನಡುವೆ ಇಂಜೆಕ್ಟರನ್ನೂ ಕೂರಿಸಬೇಕು. ಇವೆಲ್ಲವನ್ನೂ ಸಾಧಿಸಿ, ಸುಮಾರು 130 ಕಿಲೋ ತೂಕದ, ಅರ್ಧ ಮೀಟರಿಗಿಂತ ಗಿಡ್ಡನೆಯ ಯಂತ್ರವನ್ನು ಕಟ್ಟಿದರು. ಎರಕದ ಕಬ್ಬಿಣದ ಮೈ, ಅಲ್ಯೂಮಿನಿಯಮಿನ ತಲೆ, ರಬ್ಬರ್ ಬೆಲ್ಟಿಗೆ ಬದಲು ಉಕ್ಕಿನ ಸರಪಳಿ. ಮೊದಲ ಅವತಾರದಲ್ಲಿ 70 ಅಶ್ವಶಕ್ತಿ. 2005ರಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿಗಳಲ್ಲಿ ಒಂದರಿಂದ 1.4 ಲೀಟರಿನ ವರ್ಗದ ಬಹುಮಾನ ಇದಕ್ಕೆ ಸಂದಿತು.

ಇನ್ನು ಹಂಚಿಕೆಯ ಕಥೆ. ಎಂಜಿನ್ ಒಂದನ್ನು ಹೊಸದಾಗಿ ಕಟ್ಟುವ ವೆಚ್ಚ ಒಬ್ಬರಿಂದ ಹೊರಲಾಗದಷ್ಟು ದೊಡ್ಡದು; ಲಕ್ಷಗಟ್ಟಲೆ ಮಾರಿದರೆ ಮಾತ್ರ ಗಿಟ್ಟುತ್ತದೆ. 2000ದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಫಿಯಟ್‌ನ ಕಾರು ವಿಭಾಗದಲ್ಲಿ ನೂರಕ್ಕೆ 20ರ ಪಾಲು ಪಡೆದು, ಎಂಜಿನ್ ತಯಾರಿಕೆಯನ್ನು ಇಬ್ಬರೂ ಒಂದುಗೂಡಿಸಿದರು. ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಎಂಬ ಊರಿನ ಕಾರ್ಖಾನೆಯಿಂದ ಈ ಎಂಜಿನ್ ಫಿಯಟ್ ಪುಂಟೊಗೂ ಓಪೆಲ್ ಕೋರ್ಸಾಗೂ ಏಕಕಾಲಕ್ಕೆ ಹೊರಟಿತು. ಆದರೆ ಸಂಬಂಧ ಬಹುದಿನ ಬಾಳಲಿಲ್ಲ. ಉಳಿದ ಪಾಲನ್ನೂ ಕೊಳ್ಳಬೇಕೆಂದು ಜನರಲ್ ಮೋಟಾರ್ಸನ್ನು ಒತ್ತಾಯಿಸುವ ಹಕ್ಕು ಫಿಯಟ್‌ಗೆ ಒಪ್ಪಂದದಲ್ಲಿತ್ತು. ನಷ್ಟದಲ್ಲಿದ್ದ ಆ ಕಂಪನಿಯನ್ನು ಕಟ್ಟಿಕೊಳ್ಳಲೊಲ್ಲದೆ ಜನರಲ್ ಮೋಟಾರ್ಸ್ 2005ರ ಫೆಬ್ರುವರಿಯಲ್ಲಿ 155 ಕೋಟಿ ಯೂರೊ ತೆತ್ತು ಬಿಡುಗಡೆ ಪಡೆಯಿತು. ಇಷ್ಟು ದುಬಾರಿಯ ಸೋಡಪತ್ರ ಉದ್ಯಮ ಲೋಕದಲ್ಲಿ ಅಪರೂಪ. ಮನೆ ಒಡೆದರೂ ಕೂಸಿನ ಮೇಲಿನ ಹಕ್ಕನ್ನು ಇಬ್ಬರೂ ಉಳಿಸಿಕೊಂಡರು: ಈ ಎಂಜಿನ್ನನ್ನು ಬಳಸುವ ಅಧಿಕಾರ ಎರಡೂ ಕಡೆಗೆ ಇದ್ದಿತು.

ಅದೇ ಹೊತ್ತಿಗೆ ಜಪಾನಿನ ಸುಜುಕಿ ಪರವಾನಗಿ ಕೇಳಿಕೊಂಡು ಬಂದಿತು. ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಪಳಗಿದ ಸುಜುಕಿಗೆ ಸಣ್ಣ ಡೀಸೆಲ್ಲಿನ ವಿದ್ಯೆ ಕರಗತವಾಗಿರಲಿಲ್ಲ. ಹರಿಯಾಣದ ಮಾನೇಸರದಲ್ಲಿ ತಯಾರಿಕೆ ಆರಂಭಿಸಿ, 2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಬಿಡುಗಡೆಯಾಯಿತು. ಇತ್ತ ಫಿಯಟ್ ಟಾಟಾದೊಡನೆ ಕೂಡಿ ಪುಣೆಯ ಸಮೀಪದ ರಂಜನಗಾಂವ್‌ನಲ್ಲಿ ಅದೇ ಎಂಜಿನ್ನನ್ನು ತಯಾರಿಸಿತು. 2008ರಲ್ಲಿ ಇಂಡಿಕಾ ವಿಸ್ಟಾ, 2009ರಲ್ಲಿ ಲಿನಿಯಾ, ಪುಂಟೊ, ಮಾಂಜಾ. ಜನರಲ್ ಮೋಟಾರ್ಸ್ ತನ್ನ ಹಕ್ಕಿನ ಬಲದಿಂದ ಇನ್ನೊಂದು ಸೋಜಿಗ ಮಾಡಿತು. ನಾಲ್ಕು ಸಿಲಿಂಡರುಗಳಲ್ಲಿ ಒಂದನ್ನು ತೆಗೆದುಹಾಕಿ, 1248ರ ಮುಕ್ಕಾಲು ಪಾಲಾದ 936 ಘನ ಸೆಂಟಿಮೀಟರಿನ ಎಂಜಿನ್ ಮಾಡಿ 2011ರಲ್ಲಿ ಷೆವರ್ಲೆ ಬೀಟ್ ಕಾರಿಗೆ ಇಟ್ಟಿತು. ಈ ಮರಿಯನ್ನು ರೂಪಿಸಿದ ಕೆಲಸದಲ್ಲಿ ಟ್ಯೂರಿನ್ನಿನವರ ಜೊತೆಗೆ ನಮ್ಮ ಬೆಂಗಳೂರಿನ ತಾಂತ್ರಿಕ ಕೇಂದ್ರದ ಎಂಜಿನಿಯರರೂ ಇದ್ದರೆಂಬುದು ಸಂತೋಷದ ವಿಷಯ.

ನಮ್ಮ ದೇಶದಲ್ಲಿ ಇದು ಇಷ್ಟು ಹಬ್ಬಲು ಯಂತ್ರದ ಗುಣವೊಂದೇ ಕಾರಣವಲ್ಲ. ಸರಕಾರದ ಲೆಕ್ಕಪತ್ರವೂ ಕಾರಣ. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡನೆಯ, ಡೀಸೆಲ್ಲಾದರೆ 1500 ಘನ ಸೆಂಟಿಮೀಟರು ಮೀರದ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಈ ಎಂಜಿನ್ ಆ ಅಳತೆಗೆ ಹೊಲಿಸಿದ ಅಂಗಿಯಂತೆ ಒಪ್ಪಿತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯನ್ನು ಸರಕಾರ ಮಾರುಕಟ್ಟೆಗೆ ಬಿಟ್ಟಿತು, ಡೀಸೆಲ್ಲಿನದನ್ನು ಮಾತ್ರ ಹಿಡಿದಿಟ್ಟಿತು. ರೈತನ ಹೆಸರಿನಲ್ಲಿ ಅಗ್ಗ ಮಾಡಿದ ಡೀಸೆಲ್ಲು ಪಟ್ಟಣದ ಕಾರುಗಳ ಹೊಟ್ಟೆಗೂ ಹರಿಯಿತು. ಬೇಡಿಕೆ ಎಷ್ಟು ಏರಿತೆಂದರೆ, ಮಾನೇಸರದಲ್ಲಿ ತಯಾರಾದುದು ಸಾಲದೆ 2012ರ ಜನವರಿಯಲ್ಲಿ ಮಾರುತಿಯವರು ವರ್ಷಕ್ಕೆ ಒಂದು ಲಕ್ಷದವರೆಗೆ ಎಂಜಿನ್ನುಗಳನ್ನು ರಂಜನಗಾಂವ್‌ನಿಂದಲೇ ಕೊಳ್ಳಲು ಫಿಯಟ್‌ನೊಡನೆ ಒಪ್ಪಂದ ಮಾಡಿಕೊಂಡರು. ವಿಪರ್ಯಾಸವೆಂದರೆ ಎಂಜಿನ್ನಿನ ತವರಾದ ಫಿಯಟ್ ಕಾರುಗಳನ್ನೇ ಜನ ಹೆಚ್ಚಾಗಿ ಕೊಳ್ಳಲಿಲ್ಲ. ಒಂದು ಕಾಲಕ್ಕೆ ಪ್ರೀಮಿಯರ್ ಪದ್ಮಿನಿಯ ರೂಪದಲ್ಲಿ ಮನೆಮಾತಾಗಿದ್ದ ಆ ಹೆಸರು, ಎಲ್ಲರ ಕಾರಿನೊಳಗೂ ಇದ್ದು ಯಾರ ಬಾಯಲ್ಲಿಯೂ ಇಲ್ಲದಂತಾಯಿತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡುವುದು ತರವಲ್ಲ. ಎಣ್ಣೆ ಎಷ್ಟು ನುಣ್ಣಗೆ ಉರಿದರೂ ಡೀಸೆಲ್ ಹೊಗೆಯಲ್ಲಿ ಕಣ್ಣಿಗೆ ಕಾಣದ ಮಸಿಯ ಕಣಗಳೂ ಸಾರಜನಕದ ಆಕ್ಸೈಡುಗಳೂ ಉಳಿದೇ ಇರುತ್ತವೆ. 2012ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಕಪ್ಪು ಹೊಗೆ ಕಾಣದಿದ್ದರೆ ಗಾಳಿ ಶುದ್ಧವೆಂಬ ನಮ್ಮ ಜನರ ನಂಬಿಕೆ ಸರಿಯಲ್ಲ. ತೀರ ಸಣ್ಣ ಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿಯುವುವು. ಮನೆಯಲ್ಲಿ ಎಳೆಯ ಮಕ್ಕಳೂ ಉಬ್ಬಸದ ಹಿರಿಯರೂ ಇರುವವರು ಮುಂಬಾಗಿಲ ಬಳಿ ಇಂತಹ ಕಾರನ್ನು ಚಾಲೂ ಇಟ್ಟು ಬಿಸಿ ಮಾಡುವ ಅಭ್ಯಾಸವನ್ನು ಬಿಡುವುದೊಳ್ಳೆಯದು.

2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ಬೆಲೆಯೂ ಮಾರುಕಟ್ಟೆಗೆ ಒಳಪಟ್ಟು ಅಗ್ಗದ ಆಕರ್ಷಣೆ ತಗ್ಗಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಕಟ್ಟುನಿಟ್ಟಿನ ನಿಯಮ ಬಂದಿತು. ಹೊಗೆಯನ್ನು ಸೋಸುವ ಸಾಧನಗಳನ್ನು ಜೋಡಿಸಿದರೆ ಸಣ್ಣ ಕಾರಿನ ಬೆಲೆ ಗ್ರಾಹಕರ ಕೈಗೆಟುಕದೆಂದು ಭಾವಿಸಿ ಮಾರುತಿಯವರು ಡೀಸೆಲ್ಲನ್ನೇ ಕೈಬಿಟ್ಟರು. ಸ್ವಂತವಾಗಿ ಅವರು ರೂಪಿಸಿದ್ದ 1.5 ಲೀಟರಿನ ಡೀಸೆಲ್ ಕೂಡ 2019ರಲ್ಲಿ ಬಂದು ಮರುವರ್ಷವೇ ನಿಂತಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದ ಮಾರಾಟವನ್ನೇ ಮುಗಿಸಿತ್ತು. ಪೋಲೆಂಡಿನ ಆ ಬಿಯೆಲ್ಸ್ಕೊ-ಬಿಯಾವಾ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2024ರ ಜನವರಿಯಲ್ಲಿ ಪ್ರಕಟವಾಯಿತು.

ಹೊಸದು ಬಾರದಿದ್ದರೂ ಹಳೆಯವು ಇನ್ನೂ ನಮ್ಮ ಅಂಗಳಗಳಲ್ಲಿವೆ, ಕೈಬದಲಾಗುತ್ತಲೂ ಇವೆ. 2007ರ ಮೊದಲ ಸ್ವಿಫ್ಟ್ ಡೀಸೆಲ್ಲುಗಳು 2022ಕ್ಕೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣದ ಸರದಿಗೆ ಬಂದವು. ಅಂತಹ ಕಾರನ್ನು ಕೊಳ್ಳಲು ಹೋಗುವ ಓದುಗರು ಬೆಳಗಿನ ಹೊತ್ತು, ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿಸಿ ಕೇಳಬೇಕು. ಮೊದಲ ಕ್ಷಣಗಳಲ್ಲಿ ಸರಪಳಿ ಅಲ್ಲಾಡಿದಂತೆ ಗಲಗಲ ಸದ್ದು ಬಂದರೆ, ಹಿಂದಿನ ಮಾಲೀಕರು ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸಿಲ್ಲವೆಂದು ಶಂಕಿಸಬಹುದು. ಬೆಲ್ಟಿನಂತೆ ಬದಲಿಸಬೇಕಾಗಿಲ್ಲವೆಂಬ ಭರವಸೆಯಿಂದ ಸರಪಳಿಯನ್ನು ಮರೆತವರೇ ಹೆಚ್ಚು. ಇಂಜೆಕ್ಟರುಗಳ ರಂಧ್ರ ಕೂದಲೆಳೆಯಷ್ಟು ಸೂಕ್ಷ್ಮವಾದುದರಿಂದ ಕಲಬೆರಕೆ ಡೀಸೆಲ್ಲು ಅವಕ್ಕೆ ವಿಷ; ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಲು ಜಿಪುಣತನ ಮಾಡಬಾರದು. ಎಲ್ಲವೂ ಒಂದೇ ಎಂಜಿನ್ ಎಂದು ಮೇಲೆ ಹೇಳಿದೆವೆಂದು ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ತರಲು ಹೊರಡುವುದೂ ಬೇಡ. ಸ್ವಿಫ್ಟಿನಲ್ಲಿದ್ದುದು 75 ಅಶ್ವಶಕ್ತಿಯದು. ಎರ್ಟಿಗಾ, ಸಿಯಾಜ್, ಮಾಂಜಾ ಕಾರುಗಳಲ್ಲಿದ್ದುದು 90ರದು. ಅವುಗಳ ಟರ್ಬೊ ಬೇರೆ, ಅವುಗಳನ್ನು ಆಳುವ ಪುಟ್ಟ ಕಂಪ್ಯೂಟರಿನ ಲೆಕ್ಕವೂ ಬೇರೆ. ಅಂಗಡಿಯವರಿಗೆ ಎಂಜಿನ್ನಿನ ಹೆಸರಷ್ಟನ್ನೇ ಹೇಳದೆ, ಕಾರಿನ ಹೆಸರು, ಮಾದರಿ, ತಯಾರಾದ ವರ್ಷ ಮೂರನ್ನೂ ಹೇಳಿ ಕೊಳ್ಳುವುದು ಕ್ಷೇಮ.